ಫೋನಿಗೆ ಬಂದ ಮಾತೂ ಅಮಾನತ್ತು

(ಯಳಂದೂರು ತಾಲೂಕಿನ ಅಗರದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಅಮಾನತ್ತು ಎಂದೊಡನೆ ನಮಗೆ ಹಣ, ಒಡವೆ, ಜಮೀನಿನ ಪತ್ರ ನೆನಪಾಗುತ್ತವೆ. ಇನ್ನೊಬ್ಬರಿಗೆ ತಲುಪಿಸಬೇಕಾದ ಮಾತೂ ಅಮಾನತ್ತೇ.

30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡುವ ಸರಕಾರಿ ಕಾರ್ಯಕ್ರಮವಿದೆ. ಗರ್ಭಕಂಠದಲ್ಲಿ ಆಗುವ ಆರಂಭದ ಬದಲಾವಣೆ ನೋಯುವುದಿಲ್ಲ. ಆಗಲೇ ಕಂಡುಹಿಡಿದರೆ ಅದು ಕ್ಯಾನ್ಸರ್ ಆಗುವ ಮೊದಲೇ ಚಿಕಿತ್ಸೆ ಕೊಡಬಹುದು. ನೋವು ಬರಲಿ, ಆಮೇಲೆ ನೋಡೋಣ ಎಂದು ಕುಳಿತರೆ ತಡವಾಗುತ್ತದೆ.

ತಪಾಸಣೆಯ ದಿನವನ್ನು ಆಶಾ ಕಾರ್ಯಕರ್ತೆ ಬಂದು ಹೇಳಬಹುದು, ಫೋನಿಗೆ ಸಂದೇಶವೂ ಬರಬಹುದು. ಲಂಡನ್ನಿನ ಹಿಲಿಂಗ್ಡನ್ ಪ್ರದೇಶದಲ್ಲಿ ಸ್ತನ ತಪಾಸಣೆಗೆ ಎರಡು ದಿನ ಮೊದಲು ಸಂದೇಶ ಕಳಿಸಿ ನೋಡಿದರು. ಸಂದೇಶ ಕಳಿಸದ ಗುಂಪಿನಲ್ಲಿ ನೂರಕ್ಕೆ ಸುಮಾರು 59 ಮಂದಿ ಬಂದರೆ, ಕಳಿಸಿದ ಗುಂಪಿನಲ್ಲಿ 64 ಮಂದಿ ಬಂದರು. 2015ರಲ್ಲಿ ಪ್ರಕಟವಾದ ಲೆಕ್ಕವಿದು. ಒಂದು ಸಾಲಿನ ನೆನಪು ಇಷ್ಟು ಕೆಲಸ ಮಾಡುತ್ತದೆ.

ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಬರೆಸಿದ ನಂಬರು ಗಂಡನದು ಅಥವಾ ಮಗನದು. ಸಂದೇಶ ಬಂದಾಗ ನಾವು ಹೊಲದಲ್ಲೋ ಅಂಗಡಿಯಲ್ಲೋ ಇರುತ್ತೇವೆ. ಸಾಲದ ಜಾಹೀರಾತಿನ ಜೊತೆ ಅದನ್ನೂ ಅಳಿಸಿಬಿಡುತ್ತೇವೆ. ಮನೆಯಲ್ಲಿರುವ ತಾಯಿಗೆ ತನ್ನ ಹೆಸರಿನಲ್ಲಿ ಒಂದು ದಿನ ಗೊತ್ತಾಗಿತ್ತು ಎಂಬುದೇ ತಿಳಿಯುವುದಿಲ್ಲ. ಫೋನು ನಮ್ಮದಿರಬಹುದು, ಆ ಮಾತು ಅವಳದು.

ಅದೇ ದಿನ ಅವಳಿಗೆ ಓದಿ ಹೇಳೋಣ, ಅವಳ ಭಾಷೆಯಲ್ಲಿ. ಎಲ್ಲರೆದುರು ಸಾರುವುದು ಬೇಡ. ಮರ್ಯಾದೆ ಕಾಪಾಡುವುದೂ ಅಮಾನತ್ತಿನ ಭಾಗ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕೋಣ. ಸಂಕೋಚವಿದ್ದರೆ ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಮೊದಲೇ ಕೇಳೋಣ. ಚಾಮರಾಜನಗರದ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಿ ಎಂದರೆ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಹೋಗೋಣ. ಫೋನಿಲ್ಲದ ನೆರೆಮನೆಯ ವಿಧವೆಯ ದಿನವನ್ನೂ ನೆನಪಿಡೋಣ. ಗುಟ್ಕಾ, ತಂಬಾಕು ಜಗಿಯುವ ನಾವೂ ಬಾಯಿ ತೋರಿಸಿಕೊಳ್ಳೋಣ.

‘ಅಲ್ಲಾಹನಿದ್ದಾನೆ, ತಪಾಸಣೆ ಯಾಕೆ?’ ಎನ್ನುವವರಿದ್ದಾರೆ. ಒಂಟೆಯನ್ನು ಕಟ್ಟಿ ಬಳಿಕ ಭರವಸೆ ಇಡಬೇಕೆಂದು ಕಲಿಸಿದವರು ನಮ್ಮ ಪ್ರವಾದಿ(ಸ). ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂದವರೂ ಅವರೇ.

ಇಂದು ಮನೆಗೆ ಹೋದ ಮೇಲೆ ಫೋನಿನ ಹಳೆಯ ಸಂದೇಶಗಳನ್ನು ಒಮ್ಮೆ ನೋಡೋಣ. ತಲುಪಿಸದೆ ಉಳಿದ ಅಮಾನತ್ತು ಅಲ್ಲಿರಬಹುದು. ಅದನ್ನು ಹಕ್ಕುದಾರರಿಗೆ ಒಪ್ಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.