ಚಿಲ್ಲರೆ ತೂಗುವ ಮೊದಲು



ಹುಂಡಿಯಲ್ಲಿ ಕೂಡಿಟ್ಟ ಚಿಲ್ಲರೆಯನ್ನು ಅಂಗಡಿಗೆ ಒಯ್ಯುತ್ತೀರಿ. "ಎಣಿಸೋದು ಯಾಕಮ್ಮ? ತಕ್ಕಡಿಗೆ ಹಾಕು, ಕಿಲೋಗೆ ಇಷ್ಟು ಅಂತ ಕೊಡ್ತೀನಿ" ಅಂತಾನೆ ಅಂಗಡಿಯವನು. ತೂಗೋದು ತಪ್ಪಲ್ಲ. ಬ್ಯಾಂಕಿನವರೂ ಚಿಲ್ಲರೆ ತೂಗಿ ತಗೋಬಹುದು. ಆದರೆ ತಕ್ಕಡಿಯಲ್ಲಿ ಒಂದೇ ಥರದ ನಾಣ್ಯ ಇರಬೇಕು.

ಯಾಕೆ? 1992ರಲ್ಲಿ ಬಂದ ಉಕ್ಕಿನ ಒಂದು ರೂಪಾಯಿ ನಾಣ್ಯದ ತೂಕ 4.85 ಗ್ರಾಂ. 2011ರಲ್ಲಿ ಬಂದ ಎರಡು ರೂಪಾಯಿ ನಾಣ್ಯವೂ ಅಷ್ಟೇ ತೂಕ. ಅಗಲವೂ ಅಷ್ಟೇ! ಯಾವುದೇ ಆದರೂ ಕಿಲೋಗೆ ಸುಮಾರು 206 ನಾಣ್ಯ. ಒಂದು ರೂಪಾಯಿಯವು ಆದರೆ 206 ರೂಪಾಯಿ. ಎರಡು ರೂಪಾಯಿಯವು ಆದರೆ 412. ತಕ್ಕಡಿ ನೋಡಿದರೆ ಇದು ತಿಳಿಯೋದಿಲ್ಲ. ನಾಣ್ಯದ ಮೇಲಿನ ಅಂಕಿ ಓದಬೇಕು. ಈಗ ನಿಮಗೆ ಅದು ಬರುತ್ತದಲ್ಲ!

2019ರ ಒಂದು ರೂಪಾಯಿ ಇನ್ನೂ ಹಗುರ, 3.09 ಗ್ರಾಂ. ಅದು ಕಿಲೋಗೆ ಸುಮಾರು 323 ಬರುತ್ತದೆ.

ಅದಕ್ಕೇ ಮನೆಯಲ್ಲೇ ಅಂಕಿ ನೋಡಿ ಗುಡ್ಡೆ ಮಾಡಿ. ಒಂದೇ ಅಂಕಿ ಇದ್ದರೂ ದೊಡ್ಡದು, ಚಿಕ್ಕದು ಬೇರೆ ಇಡಿ. ಗುಡ್ಡೆಯಿಂದ 100 ಎಣಿಸಿ ತೂಗಿ. ತೂಕ ಬರೆದಿಡಿ. ಉಳಿದದ್ದನ್ನು ಅದೇ ತೂಕಕ್ಕೆ ತೂಗಿ. 2011ರ ಹತ್ತು ರೂಪಾಯಿ ನಾಣ್ಯ ನೂರಕ್ಕೆ 771 ಗ್ರಾಂ. ಅಂದರೆ ಸಾವಿರ ರೂಪಾಯಿ. ಸವೆದ ನಾಣ್ಯ ತುಸು ಕಡಿಮೆ ತೂಗುತ್ತದೆ.

ತಕ್ಕಡಿ ಇಲ್ಲವೇ? ಒಂದೇ ಥರದ ಹತ್ತು ನಾಣ್ಯ ಒಂದರ ಮೇಲೊಂದು ಇಡಿ. ಪಕ್ಕದಲ್ಲಿ ಅದೇ ಎತ್ತರಕ್ಕೆ ಇನ್ನೊಂದು ಸಾಲು ಜೋಡಿಸಿ.

ನೂರು ನೂರು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬ್ಯಾಂಕಿಗೆ ಒಯ್ಯಿರಿ. ಚಿಲ್ಲರೆ ಬೇಡ ಅನ್ನಬಾರದು ಅಂತ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕಿಗೂ ಹೇಳಿದೆ.