ಏಪ್ರಿಲ್ ರಜೆಗೆ ಮೊದಲು ಕೊಯ್ಯುವ ತೋಟ



ಮಕ್ಕಳ ಕೈತೋಟ ಮೇಳವನ್ನು ಉದ್ಘಾಟಿಸಲು ಕರೆದಿರಿ, ಸಂತೋಷ. ಮುಂದೆ ಚಾಪೆಯ ಮೇಲೆ ಕೂತಿರುವ ಪುಟಾಣಿಗಳು ಹೆಚ್ಚು ಹೊತ್ತು ಕೂರುವವರಲ್ಲ, ಬೇಗ ಮುಗಿಸುತ್ತೇನೆ.

ವಸಂತ ಎಂದರೆ ಬಿತ್ತುವ ಕಾಲ ಎಂದು ನಮ್ಮ ಮಕ್ಕಳ ಚಿತ್ರಪುಸ್ತಕಗಳು ಹೇಳುತ್ತವೆ. ಹಿಮ ಕರಗಿ ನೆಲ ಬೆಚ್ಚಗಾಗುವ ದೇಶಗಳಲ್ಲಿ ಅದು ಸರಿ. ನಮ್ಮಲ್ಲಿ ಚೈತ್ರ ಬರುವಾಗ ಮರ ಚಿಗುರುತ್ತದೆ, ನೆಲ ಒಣಗುತ್ತದೆ. ಮಾರ್ಚಿನಲ್ಲಿ ಶಾಲೆಯ ಅಂಗಳದಲ್ಲಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ಏಪ್ರಿಲ್ ಎರಡನೇ ವಾರ ಬೇಸಿಗೆ ರಜೆ. ಜೂನಿನಲ್ಲಿ ಮಕ್ಕಳು ಬಂದು ನೋಡಿದರೆ ಗುಂಡಿಯಲ್ಲಿ ಒಣಕಡ್ಡಿ. ಗಿಡ ಬದುಕುವುದಿಲ್ಲ ಎಂಬ ಪಾಠವನ್ನು ಐದು ವರ್ಷದ ಮಗುವಿಗೆ ನಾವೇ ಕಲಿಸಿದಂತಾಯಿತು.

ಆದ್ದರಿಂದ ತೋಟದ ಯೋಜನೆಯನ್ನು ರಜೆಯ ದಿನದಿಂದ ಹಿಂದಕ್ಕೆ ಎಣಿಸಿ ಎನ್ನುತ್ತೇನೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಕೃಂಬಿಗಲ್, ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಇಡೀ ವರ್ಷಕ್ಕೆ ಲೆಕ್ಕ ಹಾಕಿದವರು. ನಮಗೆ ಬೇಕಾದದ್ದು ರಜೆಗೆ ಮೊದಲಿನ ಬರೀ ಆರು ವಾರದ ಲೆಕ್ಕ.

ಆರು ವಾರಕ್ಕೆ ಹೇಳಿ ಮಾಡಿಸಿದ ಬೆಳೆ ಮೆಂತ್ಯ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಹುಡಿ ಮಾಡಿದ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಕಾಳನ್ನು ಒತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ ಒದ್ದೆ ಗೋಣಿತಾಟು ಮುಚ್ಚಿ. ಮಕ್ಕಳು ಗಳಿಗೆಗೊಮ್ಮೆ ತಾಟು ಎತ್ತಿ ನೋಡುತ್ತಾರೆ. ಬೈಯಬೇಡಿ, ನೋಡಲಿ, ಮಾಡಿದ್ದೇ ಅದಕ್ಕೆ. ಮೂರ್ನಾಲ್ಕು ದಿನಕ್ಕೆ ಮಣ್ಣು ಬಿರಿದು, ಬಗ್ಗಿದ ಕತ್ತಿನ ಮೊಳಕೆ ಮೇಲೇಳುತ್ತದೆ. ಕೆಲವು ಕಾಳಿನ ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತುಕೊಂಡೇ ಬರುತ್ತವೆ. ತಿಂಗಳೊಳಗೆ ಸೊಪ್ಪು ಕೀಳಬಹುದು. ಹರಿವೆಯೂ ಹೀಗೆಯೇ. ಕೊತ್ತಂಬರಿ ಬೇಡ. ಅದರ ಕಾಳು ಒಡೆದು ಬಿತ್ತಬೇಕು, ಮೊಳೆಯಲು ವಾರ ದಾಟುತ್ತದೆ. ನಾಲ್ಕು ವರ್ಷದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಇನ್ನು ನೀರು: ಪೈಪು ಕೊಟ್ಟರೆ ಬೀಜವೇ ಕೊಚ್ಚಿಹೋಗುತ್ತದೆ. ಹಳೆ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಕೊಡಿ, ಸಾಕು.

ಬಿತ್ತದೆಯೂ ಬೆಳೆಯುವುದೊಂದಿದೆ. ಕುಂಡದಲ್ಲಿ ಒಂದು ಕರಿಬೇವಿನ ಗಿಡ ಇಡಿ. ನಿಂಬೆ ಚಿಟ್ಟೆ ತಾನಾಗಿ ಹುಡುಕಿಕೊಂಡು ಬಂದು ಎಳೆ ಚಿಗುರಿನ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲು ಹಕ್ಕಿಯ ಹಿಕ್ಕೆ ಎಂದೇ ಕಾಣಬೇಕು, ಕಪ್ಪು ಮೈಗೆ ಬಿಳಿ ಕಲೆ. ಬೆಳೆದ ಮೇಲೆ ಎಲೆಯದೇ ಹಸಿರು. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಮಕ್ಕಳು ಕಿರುಚಿ ಓಡಿ, ಮತ್ತೆ ಅಲ್ಲಿಗೇ ಬರುತ್ತಾರೆ. ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಕೋಶ ಒಡೆದು ಚಿಟ್ಟೆ ಹಾರುತ್ತದೆ. ಒಗ್ಗರಣೆಗೆ ನಾಲ್ಕೆಲೆ ಕಡಿಮೆಯಾದೀತು, ತಾಯಂದಿರು ಕ್ಷಮಿಸಬೇಕು. ಆ ಗಿಡಕ್ಕೆ ಔಷಧಿ ಹೊಡೆಯಲೇಬೇಡಿ.

ಮರ ನೆಡುವ ಆಸೆ ಇದ್ದವರಿಗೆ ಈಗ ಬೀಜ ಕೂಡಿಡುವ ಕಾಲ. ಮನೆಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಾರೆ. ಬೀಜ ಮಕ್ಕಳ ಪಾಲಾಗಲಿ, ಒಂದಷ್ಟು ಚೌಕಾಬಾರಕ್ಕೆ ಹೋದರೂ ಚಿಂತೆಯಿಲ್ಲ. ಹೊಂಗೆಯ ಒಣಕಾಯಿಯನ್ನೂ ಆಯಲಿ. ಒಣಗಿಸಿ ಡಬ್ಬಿಯಲ್ಲಿಟ್ಟು, ಮುಂಗಾರು ಹಿಡಿದ ಮೇಲೆ ಬಿತ್ತಿಸಿ. ಬೇವು ಮಾತ್ರ ಈ ಲೆಕ್ಕಕ್ಕೆ ಸಿಗದು. ಯುಗಾದಿಗೆ ಹೂ, ಹಣ್ಣು ಬೀಳುವುದು ಮಳೆಗಾಲದ ಹೊಸ್ತಿಲಲ್ಲಿ. ಅದರ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಬಿದ್ದ ಹಾಗೆಯೇ ಬಿತ್ತಬೇಕು.

ಕಹಿಯಾದ ಮಾತೊಂದನ್ನು ಹೇಳಲೇ? ಮೇಳದ ಒಳಗೆ ಥರ್ಮಾಕೋಲಿನ ತೋಟಗಳ ಒಂದು ಸಾಲೇ ಇದೆ. ಅಚ್ಚುಕಟ್ಟಾಗಿವೆ, ಅಪ್ಪ ಅಮ್ಮ ರಾತ್ರಿಯೆಲ್ಲ ಕೂತು ಮಾಡಿದ್ದಾರೆ. ಮುಂದಿನ ವರ್ಷ ಅವು ಬೇಡ. ಸೊಟ್ಟಗೆ ಬೆಳೆದರೂ ಸರಿ, ಮಗುವೇ ಬಿತ್ತಿದ ಕುಂಡ ಇರಲಿ. ಯಾರ ಗಿಡ ಎತ್ತರ ಎಂದು ಬಹುಮಾನವನ್ನೂ ಇಡಬೇಡಿ.

ಕೊನೆಯದಾಗಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ಒಂದು ಕೋರಿಕೆ. ಏಪ್ರಿಲ್, ಮೇ ತಿಂಗಳಲ್ಲಿ ಕರಿಬೇವಿನ ಕುಂಡಗಳು ಯಾರ ಮನೆಗೆ ಹೋಗಬೇಕು, ಕಳೆದ ಮಳೆಗಾಲದಲ್ಲಿ ನೆಟ್ಟ ಸಸಿಗಳಿಗೆ ಯಾವ ವಾರ ಯಾರು ನೀರು ಹಾಕಬೇಕು ಎಂದು ಹೆಸರು ಬರೆದ ಪಟ್ಟಿಯನ್ನು ಪರೀಕ್ಷೆ ಮುಗಿಯುವ ಮೊದಲೇ ನೋಟಿಸ್ ಬೋರ್ಡಿಗೆ ಅಂಟಿಸಿ.