ಬೆನ್ನು ಬಾಗಿದರೆ ಗೊರಸು ನೋಡಿ

(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಪಶುವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವು, ಗಬ್ಬ ಕಟ್ಟದಿರುವುದು, ಹಾಲಿನ ಜಿಡ್ಡು ಕಡಿಮೆಯಾಗುವುದು, ಈ ವಿಷಯಗಳನ್ನು ನಾವು ಪ್ರತಿ ಶಿಬಿರದಲ್ಲೂ ಮಾತನಾಡುತ್ತೇವೆ. ಹಸುವಿನ ಕಾಲಿನ ವಿಷಯ ಮಾತ್ರ ಅದು ಕುಂಟತೊಡಗುವವರೆಗೆ ಯಾರ ನೆನಪಿಗೂ ಬರುವುದಿಲ್ಲ. ಆದ್ದರಿಂದ ಇಂದು ಗೊರಸಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

"ಡಾಕ್ಟ್ರೇ, ಹಸುವಿಗೆ ಸೊಂಟ ಹಿಡಿದಿದೆ, ಒಂದು ಇಂಜೆಕ್ಷನ್ ಕೊಡಿ" ಎಂಬುದು ನಮಗೆ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಬರುವ ಕರೆ. ಹೋಗಿ ನೋಡಿದರೆ ಹಸು ಬೆನ್ನು ಬಿಲ್ಲಿನಂತೆ ಬಾಗಿಸಿಕೊಂಡು ನಿಂತಿರುತ್ತದೆ. ಮನೆಯವರು ಸೊಂಟಕ್ಕೆ ಎಣ್ಣೆ ತಿಕ್ಕಿರುತ್ತಾರೆ. ಕೆಲವರು ಬರೆಯನ್ನೂ ಎಳೆಸಿರುತ್ತಾರೆ. ಹಿಂಗಾಲನ್ನು ಎತ್ತಿ ಸಗಣಿ ತೊಳೆದು ನೋಡಿದವರು ಮಾತ್ರ ವಿರಳ. ಹಸು ಬೆನ್ನು ಬಾಗಿಸುವುದಕ್ಕೆ ಬಹಳಷ್ಟು ಸಲ ಕಾರಣ ಸೊಂಟದಲ್ಲಿರುವುದಿಲ್ಲ, ಗೊರಸಿನಲ್ಲಿರುತ್ತದೆ. ಬರೆ ಎಳೆದ ಜಾಗ ಹುಣ್ಣಾಗುತ್ತದೆಯೇ ಹೊರತು ಗೊರಸಿನ ನೋವು ಕಡಿಮೆಯಾಗುವುದಿಲ್ಲ. ದಯವಿಟ್ಟು ಈ ಪದ್ಧತಿಯನ್ನು ಬಿಡಿ.

ಕಾಲಿನ ನೋವಿಗೆ ಬೆನ್ನು ಬಾಗುವುದು ಏಕೆ? ಹಸುವಿನ ಮುಂಗಾಲುಗಳು ಎದೆಗೂಡಿಗೆ ಮಾಂಸಖಂಡಗಳಿಂದ ತೂಗುಹಾಕಿದಂತೆ ಇವೆ. ಹಿಂಗಾಲುಗಳು ಹಾಗಲ್ಲ. ಅವು ಮೂಳೆಗೆ ಮೂಳೆ ಕೂಡಿ, ಸೊಂಟದ ಮೂಲಕ ಬೆನ್ನೆಲುಬಿಗೆ ನೇರವಾಗಿ ಸೇರಿವೆ. ಹಸು ನಡೆಯುವಾಗ ಹಿಂಭಾಗ ಅತ್ತಿತ್ತ ವಾಲಿದಷ್ಟೂ ಭಾರ ಹಿಂಗಾಲಿನ ಹೊರ ಹೋಳಿನ ಮೇಲೆ ಬೀಳುತ್ತದೆ. ಭಾರ ಬಿದ್ದ ಹೋಳು ಹೆಚ್ಚು ಬೆಳೆದು ದಪ್ಪವಾಗುತ್ತದೆ, ದಪ್ಪವಾದಷ್ಟೂ ಮತ್ತಷ್ಟು ಭಾರ ಹೊರುತ್ತದೆ. ಕುಂಟುವ ಹಸುಗಳಲ್ಲಿ ಬಹುಪಾಲು ತೊಂದರೆ ಹಿಂಗಾಲಿನ ಹೊರ ಹೋಳಿನಲ್ಲೇ ಇರುವುದು ಇದರಿಂದ.

ಗೊರಸು ತಿಂಗಳಿಗೆ ಸುಮಾರು 5 ಮಿ.ಮೀ. ಬೆಳೆಯುತ್ತದೆ. ತುದಿ ಉದ್ದವಾದರೆ ಭಾರ ಹಿಂದಕ್ಕೆ ಸರಿದು ಹಿಮ್ಮಡಿಯ ಮೇಲೆ ಕೂರುತ್ತದೆ. ಅಲ್ಲಿ ಒಳಗಿನ ಮೂಳೆ ಅಂಗಾಲಿನ ಮೃದು ಭಾಗವನ್ನು ಒತ್ತಿ ಹುಣ್ಣು ಮಾಡುತ್ತದೆ. ಆಗ ಹಸು ಹೊರ ಹೋಳಿನ ಭಾರ ತಪ್ಪಿಸಲು ಹಿಂಗಾಲಿನ ಗಂಟುಗಳನ್ನು ಒಳಕ್ಕೆ, ಪಾದಗಳನ್ನು ಹೊರಕ್ಕೆ ತಿರುಗಿಸುತ್ತದೆ. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಭಾರವನ್ನು ಮುಂಗಾಲಿಗೆ ದಾಟಿಸಲು ನೋಡುತ್ತದೆ. ದಿನವಿಡೀ ಹೀಗೆ ನಿಂತರೆ ಸೊಂಟದ ಮಾಂಸಖಂಡಗಳು ಬಿಗಿದುಕೊಳ್ಳುತ್ತವೆ. ನಾವು ಮುಟ್ಟಿ "ಸೊಂಟ ಹಿಡಿದಿದೆ" ಎನ್ನುವುದು ಇದನ್ನೇ.

ಹಿಂದೆ ಈ ತೊಂದರೆ ಇಷ್ಟಿರಲಿಲ್ಲ. ನಾಟಿ ಹಸು ದಿನವೆಲ್ಲ ಕಲ್ಲು ಮಣ್ಣಿನ ಮೇಲೆ ಮೇಯುತ್ತಿತ್ತು, ಗೊರಸು ತಾನಾಗಿ ಸವೆಯುತ್ತಿತ್ತು. ಎತ್ತುಗಳಿಗೆ ಲಾಳ ಕಟ್ಟಿಸುವಾಗ ಲಾಳದವನು ಗೊರಸನ್ನೂ ಕೆತ್ತಿ ಸಮ ಮಾಡುತ್ತಿದ್ದ. ಇಂದಿನ ಮಿಶ್ರತಳಿ ಹಸುವಿಗೆ ಈ ಎರಡೂ ಇಲ್ಲ. ದೊಡ್ಡ ಮೈ, ಭಾರವಾದ ಕೆಚ್ಚಲು ಹೊತ್ತು ಅದು ಗಂಜಲ ನಿಂತ ಸಿಮೆಂಟ್ ನೆಲದ ಮೇಲೆ ಕಟ್ಟಿದಲ್ಲೇ ನಿಲ್ಲುತ್ತದೆ.

ನಷ್ಟ ಎಷ್ಟೆಂದು ಯೋಚಿಸಿ. ಕಾಲು ನೋಯುವ ಹಸು ಗೋದಲಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೇವು ಕಡಿಮೆಯಾದರೆ ಹಾಲೂ ಕಡಿಮೆ. ಬೆದೆಗೆ ಬಂದರೂ ಬೇರೆ ಹಸುವಿನ ಮೇಲೆ ಹಾರುವುದಿಲ್ಲ, ಹಾರಿಸಿಕೊಂಡು ನಿಲ್ಲುವುದೂ ಇಲ್ಲ. ಒಂದು ಬೆದೆ ಕಣ್ಣಿಗೆ ಬೀಳದೆ ಹೋದರೆ 21 ದಿನ ಕಳೆದಂತೆ. ಕೊನೆಗೆ "ಸೊಂಟ ಬಿದ್ದ ಹಸು" ಎಂದು ಕೇಳಿದ ಬೆಲೆಗೆ ಕೊಟ್ಟುಬಿಡುತ್ತೇವೆ. ಗೊರಸು ಕೆತ್ತಿಸಿದ್ದರೆ ಅದೇ ಹಸು ಇನ್ನೂ ಎಷ್ಟೋ ಸೂಲು ಹಾಲು ಕೊಡುತ್ತಿತ್ತು.

ಇದನ್ನು ಬೇಗ ಗುರುತಿಸುವ ಒಂದು ಸುಲಭ ವಿಧಾನವಿದೆ. 1997ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಸ್ಪ್ರೆಚರ್ ಮತ್ತು ಸಂಗಡಿಗರು ಹಸುವಿನ ಬೆನ್ನು ಮತ್ತು ನಡಿಗೆ ನೋಡಿ 1ರಿಂದ 5ರವರೆಗೆ ಅಂಕ ಕೊಡುವ ಕ್ರಮವನ್ನು ಪ್ರಕಟಿಸಿದರು. ನಿಂತಾಗಲೂ ನಡೆವಾಗಲೂ ಬೆನ್ನು ನೇರವಾಗಿದ್ದರೆ 1. ನಿಂತಾಗ ನೇರವಾಗಿದ್ದು ನಡೆವಾಗ ಬಾಗಿದರೆ 2. ಎರಡರಲ್ಲೂ ಬಾಗಿದರೆ 3. ಒಂದು ಕಾಲಿಗೆ ಭಾರ ತಪ್ಪಿಸಿ ಎಚ್ಚರಿಕೆಯಿಂದ ಹೆಜ್ಜೆ ಇಟ್ಟರೆ 4. ಕಾಲು ಊರಲು ತೀರಾ ಹಿಂಜರಿದರೆ 5. ಇದಕ್ಕೆ ಯಾವ ಯಂತ್ರವೂ ಬೇಡ. ವಾರಕ್ಕೊಮ್ಮೆ ಹಸುವನ್ನು ಸಮತಟ್ಟಾದ ನೆಲದಲ್ಲಿ ಹತ್ತು ಹೆಜ್ಜೆ ನಡೆಸಿ, ಪಕ್ಕದಿಂದ ನೋಡಿ. ಅಂಕ 2 ಇರುವಾಗಲೇ ಎಚ್ಚೆತ್ತುಕೊಂಡರೆ ಚಿಕಿತ್ಸೆ ಸುಲಭ.

ಈಗ ನೀವು ಮಾಡಬೇಕಾದ ಕೆಲಸಗಳು:

1. ವರ್ಷಕ್ಕೆ ಎರಡು ಸಲ ಗೊರಸು ಪರೀಕ್ಷೆ ಮಾಡಿಸಿ. ಹಾಲು ಬತ್ತಿಸುವ ಸಮಯ ಇದಕ್ಕೆ ಒಳ್ಳೆಯದು. ತುಂಬು ಗಬ್ಬದ ಹಸುವನ್ನು ಕೆಡವಿ ಗೊರಸು ಕೆತ್ತಿಸಬೇಡಿ.

2. ದೊಡ್ಡ ಮಿಶ್ರತಳಿ ಹಸುವಿನ ಗೊರಸು ಕೂದಲಿನ ಅಂಚಿನಿಂದ ತುದಿಯವರೆಗೆ ಸುಮಾರು 7.5 ಸೆಂ.ಮೀ. ಇರಬೇಕು. ಅಂದರೆ ಜೋಡಿಸಿದ ನಾಲ್ಕು ಬೆರಳಿನ ಅಗಲ. ಎರಡೂ ಹೋಳು ಒಂದೇ ಎತ್ತರದಲ್ಲಿ ನೆಲ ಮುಟ್ಟಬೇಕು. ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಒಳಹೋಗುವಂತಿದ್ದರೆ ಅಲ್ಲಿಗೆ ಕೆತ್ತುವುದನ್ನು ನಿಲ್ಲಿಸಬೇಕು. ಈ ಕೆಲಸವನ್ನು ಪಶುವೈದ್ಯರಿಂದ ಅಥವಾ ತರಬೇತಿ ಪಡೆದವರಿಂದಲೇ ಮಾಡಿಸಿ. ಹುಣ್ಣು ಇದ್ದರೆ ನೋವಿಲ್ಲದ ಹೋಳಿಗೆ ಮರದ ತುಂಡು ಅಂಟಿಸಿ, ನೋಯುವ ಹೋಳು ನೆಲಕ್ಕೆ ತಾಗದಂತೆ ಮಾಡುವ ಚಿಕಿತ್ಸೆಯೂ ಇದೆ.

3. ಹಸುವಿಗೆ ದಿನಕ್ಕೆ 10ರಿಂದ 12 ಗಂಟೆ ಮಲಗುವ ಅನುಕೂಲವಿರಬೇಕು. ರಬ್ಬರ್ ಮ್ಯಾಟ್ ಅಥವಾ ಒಣ ಹುಲ್ಲು ಹಾಸಿ. ಹಿಂಗಾಲು ಚರಂಡಿಗೆ ಇಳಿಯದಷ್ಟು ಉದ್ದದ ಜಾಗ ಕೊಡಿ. ಪ್ರತಿದಿನ ಸ್ವಲ್ಪ ಹೊತ್ತು ಮಣ್ಣಿನ ಮೇಲೆ ನಡೆಸಿ.

4. ಹಬ್ಬ, ಮದುವೆಯಲ್ಲಿ ಉಳಿದ ಅನ್ನವನ್ನಾಗಲಿ, ಹಿಟ್ಟನ್ನಾಗಲಿ ಒಮ್ಮೆಲೇ ಸುರಿಯಬೇಡಿ. ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ ಗೊರಸಿನ ಒಳಭಾಗ ಊದಿಕೊಳ್ಳುತ್ತದೆ. ಅದರ ಪರಿಣಾಮ ಅಂಗಾಲಿನಲ್ಲಿ ಕಾಣಿಸಿಕೊಳ್ಳುವುದು ಒಂದೆರಡು ತಿಂಗಳ ನಂತರ. ಆದ್ದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ಕರು ಹಾಕಿದ ಮೇಲೆ ಪಶು ಆಹಾರವನ್ನು ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಹೆಚ್ಚಿಸಿ.

5. ಗೊರಸಿನ ಸಂದು ಕೊಳೆಯುತ್ತಿದ್ದರೆ ಕಾಲು ತೊಳೆದು ಶೇಕಡಾ 5ರ ಮೈಲುತುತ್ತದ ನೀರಿನಲ್ಲಿ, ಅಂದರೆ ಲೀಟರಿಗೆ 50 ಗ್ರಾಂ, ಅದ್ದಿ. ದನ, ಕುರಿಗಳು ಆ ನೀರು ಕುಡಿಯದಂತೆ ಎಚ್ಚರ ವಹಿಸಿ.

ಒಂದು ಎಚ್ಚರಿಕೆ. ಬೆನ್ನು ಬಾಗಿದ್ದೆಲ್ಲ ಗೊರಸಿನ ರೋಗವಲ್ಲ. ಮೇವಿನೊಡನೆ ತಂತಿ, ಮೊಳೆ ನುಂಗಿದ ಹಸುವೂ ಬೆನ್ನು ಬಾಗಿಸುತ್ತದೆ. ಜಾರಿ ಬಿದ್ದು ಸೊಂಟದ ಕೀಲು ತಪ್ಪಿರಬಹುದು. ಜ್ವರ, ಜೊಲ್ಲು, ಬಾಯಲ್ಲಿ ಹುಣ್ಣು ಇದ್ದರೆ ಕಾಲುಬಾಯಿ ಜ್ವರವಿರಬಹುದು. ಕೂಡಲೇ ಪಶುವೈದ್ಯರನ್ನು ಕರೆಸಿ. ಬರುವವರೆಗೆ ಹಸುವನ್ನು ಒಣಗಿದ ಮೆತ್ತನೆ ಜಾಗದಲ್ಲಿ ಕಟ್ಟಿ, ಮೇವು ನೀರನ್ನು ಬಾಯಿಗೆ ಎಟುಕುವಂತೆ ಇಡಿ.

ನಾವು ದಿನಕ್ಕೆ ಎರಡು ಸಲ ಕೆಚ್ಚಲು ತೊಳೆಯುತ್ತೇವೆ. ಅದೇ ಚೊಂಬಿನ ನೀರಿನಲ್ಲಿ ಸ್ವಲ್ಪ ಹಿಂಗಾಲಿಗೂ ಹಾಕಿ, ಬಗ್ಗಿ ಒಮ್ಮೆ ನೋಡಿ. ಇಂದು ಸಂಜೆ ಹಾಲು ಕರೆಯುವಾಗಲೇ ಆರಂಭಿಸಿ ಎಂದು ಕೇಳಿಕೊಂಡು, ನನ್ನ ಮಾತು ಮುಗಿಸುತ್ತೇನೆ.